ಅರ್ಧ ಇಂಚು

ಜೂನ್ 3, ಮಂಗಳವಾರ. ಬೆಳಿಗ್ಗೆ 6.10

ಇದನ್ನು ಇಲ್ಲಿಯೂ ಬರೆಯಬಾರದು ಎಂದುಕೊಂಡಿದ್ದೆ. ಆಸ್ಪತ್ರೆಯ ಚಾರ್ಟಿನಲ್ಲಿ ಬರೆದಿಲ್ಲ. ಗಂಡನಿಗೆ ಹೇಳಿಲ್ಲ. ಅತ್ತೆಯ ಕಿವಿಗೆ ಬೀಳುವ ಮಾತೇ ಇಲ್ಲ. ಆದರೆ ಯಾರೂ ಓದದ ಪುಸ್ತಕದ ಹತ್ತಿರವೂ ಮುಚ್ಚಿಟ್ಟರೆ ಇದನ್ನು ಇಟ್ಟುಕೊಳ್ಳುವುದು ಯಾಕೆ?

ಏಪ್ರಿಲ್ ಕೊನೆಯಲ್ಲಿ ಮಗನಿಗೆ ಹೊಲಿದ ಬಿಗಿತೋಳು ಅಳತೆಯಂತಿಲ್ಲ. ಮೊಣಕೈ ಹತ್ತಿರ ಅರ್ಧ ಇಂಚು ಲೂಸ್ ಇಟ್ಟಿದ್ದೇನೆ. ಬೇಕೆಂದೇ.

ಬರೆದಾಯಿತು. ಆಕಾಶವೇನೂ ಕಳಚಿ ಬೀಳಲಿಲ್ಲ.

ಹದಿನಾಲ್ಕು ತಿಂಗಳ ಹಿಂದೆ, ಗೀಸರ್ ಕೆಟ್ಟಿದ್ದ ವಾರ, ಅವನ ಅಪ್ಪ ಒಲೆಯ ಮೇಲೆ ಕಾಯಿಸಿದ ನೀರನ್ನು ಬಚ್ಚಲಿಗೆ ಒಯ್ಯುತ್ತಿದ್ದರು. ಇವನು ಟವೆಲ್ ಸುತ್ತಿಕೊಂಡು ಬಾಗಿಲ ತಿರುವಿನಲ್ಲಿ ಓಡಿಬಂದ. ಬಲಗೈ, ಭುಜದಿಂದ ಮಣಿಕಟ್ಟು ದಾಟುವವರೆಗೆ. ಐದು ವಾರ ಆಸ್ಪತ್ರೆ. ಎರಡು ಸಲ ತೊಡೆಯ ಚರ್ಮ ತೆಗೆದು ಕೈಗೆ ಕೂರಿಸಿದರು. ಆಗ ಏಳು ವರ್ಷ, ಈಗ ಎಂಟು.

ಈಗ ಉಳಿದಿರುವುದು ಕಲೆಯ ಜೊತೆಗಿನ ಕೆಲಸ. ಗಾಯ ಮಾಗಿದ ಮೇಲೂ ಆ ಚರ್ಮ ಸುಮ್ಮನಿರುವುದಿಲ್ಲ. ದಪ್ಪಗಾಗುತ್ತದೆ, ಹಗ್ಗದ ಹಾಗೆ ಸೆಳೆದುಕೊಂಡು ಮೊಣಕೈಯನ್ನು ಮಡಚಿಡಲು ನೋಡುತ್ತದೆ. ಅದನ್ನು ಒತ್ತಿ ಹಿಡಿಯಲು ಹಿಗ್ಗುವ ಬಟ್ಟೆಯ ಒಂದು ತೋಳು, ದಿನಕ್ಕೆ ಇಪ್ಪತ್ತಮೂರು ಗಂಟೆ. ಆಸ್ಪತ್ರೆಯಲ್ಲಿ ಅದಕ್ಕೆ ಪ್ರೆಷರ್ ಗಾರ್ಮೆಂಟ್ ಅನ್ನುತ್ತಾರೆ. ನಮ್ಮನೆಯಲ್ಲಿ ಬಿಗಿತೋಳು.

ಆಸ್ಪತ್ರೆಯ ಹೊಲಿಗೆ ಕೋಣೆಯಲ್ಲಿ ಒಂದು ತೋಳಿಗೆ ಏಳು ವಾರ ಕಾಯಬೇಕು. ನಾನು ಗಾರ್ಮೆಂಟ್ ಕಂಪನಿಯ ಸ್ಯಾಂಪಲ್ ರೂಮಿನಲ್ಲಿ ಹತ್ತೊಂಬತ್ತು ವರ್ಷದಿಂದ ಪ್ಯಾಟರ್ನ್ ಮಾಡುವವಳು. ಬಟ್ಟೆ ಮತ್ತು ಅಳತೆ ಕೊಡಿ, ನಾನೇ ಹೊಲಿಯುತ್ತೇನೆ ಎಂದೆ. ಥೆರಪಿಸ್ಟ್ ಒಪ್ಪಿದರು. ಕೈಯ ಸುತ್ತಳತೆ ಇಪ್ಪತ್ತು ಸೆಂಟಿಮೀಟರ್ ಇದ್ದರೆ ಬಟ್ಟೆ ಹದಿನೇಳು. ನನ್ನ ಕಸುಬಿಗೆ ಇದು ಪೂರ್ತಿ ಉಲ್ಟಾ. ನಾವು ಮೈಯ ಅಳತೆಗೆ ಲೂಸ್ ಕೂಡಿಸುವವರು. ಹಾಕಿಕೊಂಡವರು ಕೂರಬೇಕು, ಬಗ್ಗಬೇಕು, ಉಸಿರಾಡಬೇಕು. ಇಲ್ಲಿ ಕಳೆಯಬೇಕು.

ಫೆಬ್ರವರಿಯ ತೋಳನ್ನು ಸರಿಯಾಗಿಯೇ ಹೊಲಿದೆ. ಏಪ್ರಿಲ್‌ನದನ್ನು ಹಾಕಿದಾಗ ಅವನು "ಅಮ್ಮಾ, ಇದು ಕಚ್ಚತ್ತೆ" ಎಂದು ಅತ್ತ. ಜೋರಾಗಿ ಅಲ್ಲ. ಜೋರಾಗಿ ಅತ್ತಿದ್ದರೆ ಗದರಿಸಿಬಿಡುತ್ತಿದ್ದೆ. ಅದನ್ನು ತೆಗೆದಿಟ್ಟು ಪ್ಯಾಟರ್ನನ್ನೇ ಹಿಗ್ಗಿಸಿ ಹೊಸದು ಕತ್ತರಿಸಿದೆ. ಚಾರ್ಟಿನಲ್ಲಿ "ಅಳತೆಯಂತೆ" ಎಂದು ಬರೆದೆ. ಅವತ್ತು ಅವನು ಚೆನ್ನಾಗಿ ನಿದ್ದೆ ಮಾಡಿದ. ನಾನೂ.

ಐದು ವಾರವಾಯಿತು. ಎಬ್ಬಿಸಬೇಕು ಅವನನ್ನು. ತಿಂಡಿಗೆ ಮೊಟ್ಟೆ ಇಲ್ಲ.


ಜೂನ್ 5, ಗುರುವಾರ. ಸಂಜೆ

ಬಿಗಿತೋಳಿಗೆ ದಿನಕ್ಕೆ ಒಂದು ಗಂಟೆ ರಜೆ. ಆ ಗಂಟೆ ಅತ್ತೆಯದು. ಕ್ರೀಮ್ ಹಚ್ಚಿ ಕಲೆಯನ್ನು ಸುತ್ತ ಸುತ್ತ ಒತ್ತಬೇಕು. ಥೆರಪಿಸ್ಟ್ ನನಗೆ ಹೇಳಿಕೊಟ್ಟಿದ್ದನ್ನು ಪಕ್ಕದಲ್ಲಿ ಕೂತು ನೋಡಿಯೇ ಕಲಿತು, ಮರುದಿನದಿಂದ ನನ್ನನ್ನು ಆ ಕುರ್ಚಿಯಿಂದ ಎಬ್ಬಿಸಿದರು.

"ಅಜ್ಜೀ, ನಿಧಾನ!"

"ನಿಧಾನ ಬೇಕಿದ್ರೆ ನಿಮ್ಮಪ್ಪನ ಲಿಫ್ಟಲ್ಲಿ ಹೋಗು. ಕೈ ಕೊಡೋ ಪಿಟೀಲು."

ಪಿಟೀಲು ಎಂದು ಹೆಸರಿಟ್ಟವರೂ ಅವರೇ. ಹುಟ್ಟಿದ ಮೂರು ತಿಂಗಳು ಒಂದೇ ಶ್ರುತಿಯಲ್ಲಿ ಅತ್ತನಂತೆ.

ಇವರು ಲಿಫ್ಟ್ ಮೆಕ್ಯಾನಿಕ್. ಮೊಣಕೈ ಪೂರ್ತಿ ನೇರವಾಗಲು ಎಷ್ಟು ಡಿಗ್ರಿ ಬಾಕಿ ಎಂದು ಆಸ್ಪತ್ರೆಯಲ್ಲಿ ಅಳೆಯುತ್ತಾರೆ. ಡಿಗ್ರಿ ಎಂದರೆ ಮಗುವಿಗೆ ಏನು ಅರ್ಥವಾದೀತು? ಐದೈದು ಡಿಗ್ರಿಗೆ ಒಂದೊಂದು ಫ್ಲೋರ್ ಮಾಡಿಕೊಟ್ಟರು. ಕಳೆದ ವರ್ಷ ಅವನು ಎಂಟನೇ ಫ್ಲೋರಿನಲ್ಲಿದ್ದ. ಏಪ್ರಿಲ್‌ನಲ್ಲಿ ಮೂರು. ಗ್ರೌಂಡ್ ಫ್ಲೋರಿಗೆ ಬಂದರೆ ಕೈ ನೇರ. ಈಗ ಮನೆಯಲ್ಲಿ ಎಲ್ಲರ ಬಾಯಲ್ಲೂ ಫ್ಲೋರೇ.

ಮಗಳಿಗೆ ಹದಿನಾಲ್ಕು. ಹೊಸ ತೋಳು ಬಂದಾಗಲೆಲ್ಲ ಅದರ ಮಣಿಕಟ್ಟಿನ ಮೇಲೆ ಪೆನ್ನಿನಲ್ಲಿ ಒಂದು ವಾಚ್ ಬಿಡಿಸುತ್ತಾಳೆ. ಯಾವಾಗಲೂ ಮೂರೂವರೆ. ಸ್ಕೂಲ್ ಬಿಡುವ ಹೊತ್ತು.

ಇವತ್ತು ನಾಲ್ವರೂ ಆ ಒಂದು ಕುರ್ಚಿಯ ಸುತ್ತ ಇದ್ದರು. ನಾನು ಬಾಗಿಲಲ್ಲಿ ನಿಂತು ನೋಡಿದೆ. ಸುಖವಾಗಿತ್ತು. ಇಷ್ಟು ಸುಖಪಡಲು ನನಗೆ ಹಕ್ಕಿದೆಯೇ ಎಂಬ ಪ್ರಶ್ನೆ ಹಿಂದೆಯೇ ಬಂತು. ಬಂದೇ ಬರುತ್ತದೆ.


ಜೂನ್ 14, ಶನಿವಾರ

ಆಸ್ಪತ್ರೆ. ಥೆರಪಿಸ್ಟ್ ತಮ್ಮ ಎರಡು ಕಾಲಿನ ಪ್ಲಾಸ್ಟಿಕ್ ಸ್ಕೇಲನ್ನು ಮೊಣಕೈಗೆ ಇಟ್ಟರು. ತೆಗೆದರು. ಮತ್ತೆ ಇಟ್ಟರು.

"ಇಪ್ಪತ್ತೈದು."

"ಐದನೇ ಫ್ಲೋರಾ?" ಎಂದ ಇವನು. "ಮೂರಲ್ಲಿದ್ನಲ್ಲ ಆಂಟಿ!"

ಕಲೆಯನ್ನು ಒತ್ತಿ ನೋಡಿದರು. ದಪ್ಪವಾಗಿದೆ. ತೋಳಿನ ಬಟ್ಟೆಯನ್ನು ಚಿವುಟಿ ಎಳೆದರು. "ಸಡಿಲ ಆಗಿದೆ. ಏಳು ವಾರ ಹಾಕಿದ್ರೆ ಬಟ್ಟೆ ಇಷ್ಟು ಹಿಗ್ಗತ್ತೆ, ಸರಿ. ಆದ್ರೆ ಹತ್ತು ಡಿಗ್ರಿ ಹಿಂದೆ ಹೋಗೋದು..." ಅವನ ಎದುರಿಗೆ ಕುರ್ಚಿ ಎಳೆದುಕೊಂಡು ಕೂತರು. "ಪುಟ್ಟಾ, ಸ್ಕೂಲಲ್ಲಿ ಇದನ್ನ ಬಿಚ್ಚಿಡ್ತೀಯಾ? ಬಯ್ಯಲ್ಲ. ನಿಜ ಹೇಳು."

"ಇಲ್ಲ."

"ಸೆಕೆ ಆದಾಗ? ಆಟ ಆಡುವಾಗ?"

"ಇಲ್ಲ ಅಂದ್ನಲ್ಲ."

ಅವರು ನನ್ನ ಕಡೆ ನೋಡಿದರು. ನಾನು ಕೈಚೀಲದ ಜಿಪ್ ಎಳೆದೆ. ಮತ್ತೆ ಮುಚ್ಚಿದೆ.

ಆಮೇಲೆ ಸರ್ಜನ್. ಆಗಸ್ಟ್ 14ಕ್ಕೆ ಮತ್ತೆ ನೋಡುತ್ತಾರೆ. ಇಪ್ಪತ್ತಕ್ಕಿಂತ ಕೆಳಗೆ ಬರದಿದ್ದರೆ ಆಪರೇಷನ್. ಸೆಳೆದುಕೊಂಡ ಕಲೆಯನ್ನು ಕತ್ತರಿಸಿ ಬಿಡಿಸಬೇಕು, ಖಾಲಿಯಾದ ಜಾಗಕ್ಕೆ ಚರ್ಮ ಕೂರಿಸಬೇಕು.

"ಮತ್ತೆ ತೊಡೆಯಿಂದಾನಾ?" ಇವನು ಕೇಳಿದ, ಅಂಗಡಿಯಲ್ಲಿ ಬೆಲೆ ವಿಚಾರಿಸುವವರ ಹಾಗೆ.

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತ. ಮೂರು ಸ್ಟಾಪ್ ದಾಟಿದ ಮೇಲೆ ನನ್ನ ಕಡೆ ತಿರುಗಿದ.

"ನಾನು ಬಿಚ್ಚಿಲ್ಲಮ್ಮ."

"ಗೊತ್ತು ಮರಿ."

"ಹೇಗೆ ಗೊತ್ತು?"

ಉತ್ತರ ನಾಲಿಗೆಯ ತುದಿಯಲ್ಲಿತ್ತು. ಮುಂದಿನ ಸೀಟಿನವರು ಹೊರಳಿ ನೋಡಿದರು ಎಂಬ ನೆಪ ಸಿಕ್ಕಿತು. "ಗೊತ್ತು" ಎಂದೆ ಇನ್ನೊಮ್ಮೆ.


ಜೂನ್ 15, ಭಾನುವಾರ

ಮಧ್ಯಾಹ್ನ ಹೊಸ ತೋಳು ಹೊಲಿದೆ, ಒಗೆದು ಬದಲಿಸಲು ಒಂದು ಜೋಡಿ. ನಿನ್ನೆ ಕೊಟ್ಟ ಅಳತೆ, ಒಂದು ದಾರದಷ್ಟೂ ಹೆಚ್ಚಿಲ್ಲ. ಹಾಕಿಸುವಾಗ ಹಲ್ಲು ಕಚ್ಚಿಕೊಂಡ.

"ಇದು ಜಾಸ್ತಿ ಬಿಗಿ ಅಲ್ವಾ?"

"ಹೊಸದು ಹಾಗೇ ಇರತ್ತೆ."

ಮೇಲೊಂದು ಸುಳ್ಳು. ಹಳೆಯದನ್ನು ಸರಿಪಡಿಸುವ ಗಡಿಬಿಡಿಯಲ್ಲಿ.

ಊಟಕ್ಕೆ ಕೂತಾಗ ಅತ್ತೆ ತನಿಖೆ ಶುರುಮಾಡಿದರು. "ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಲ್ಲಿ ಜನರ ಸುಳ್ಳು ಕೇಳಿದೀನಿ ಕಣೋ. ದನಿಯಲ್ಲೇ ಹಿಡೀತೀನಿ."

"ಹಾಗಾದ್ರೆ ಹಿಡಿ. ನಾನು ಬಿಚ್ಚಿಲ್ಲ."

ಅತ್ತೆ ಕಣ್ಣು ಮುಚ್ಚಿ ತಲೆ ವಾಲಿಸಿದರು. "ಗೊತ್ತಾಗ್ತಿಲ್ಲ. ಲೈನ್ ಸರಿಯಿಲ್ಲ."

ಮಗಳು ನಕ್ಕಳು. ಇವರೂ ನಕ್ಕರು. ಅವನು ನಗಲಿಲ್ಲ. ತಟ್ಟೆ ತೆಗೆದುಕೊಂಡು ಎದ್ದುಹೋದ. ಆ ಕೈಯಲ್ಲೇ ತಟ್ಟೆ ಹಿಡಿದಿದ್ದ ಎಂದು ಈಗ ಬರೆಯುವಾಗ ನೆನಪಾಗುತ್ತಿದೆ.

ಅತ್ತೆಗೆ ಮೇಜಿನ ಆಚೆ ಬದಿಯ ದನಿ ಕೇಳಿಸಲಿಲ್ಲವಲ್ಲ. ಹ್ಞಾ, ನಾನು ಬಾಯಿಯೇ ಬಿಟ್ಟಿರಲಿಲ್ಲ.


ಜೂನ್ 18, ಬುಧವಾರ

ಥೆರಪಿಸ್ಟ್ ಸ್ಕೂಲಿಗೆ ಫೋನ್ ಮಾಡಿದ್ದಾರೆ. ಒಳ್ಳೆಯದಕ್ಕೇ. ಕ್ಲಾಸ್ ಟೀಚರ್ ಒಂದು ಹಾಳೆ ಮಾಡಿಕೊಟ್ಟಿದ್ದಾರೆ: ಪ್ರತಿ ಪೀರಿಯಡ್ಡಿನ ಕೊನೆಗೆ ಆ ಪೀರಿಯಡ್ಡಿನ ಟೀಚರ್ ಅವನ ಕೈ ನೋಡಿ ಸೈನ್ ಹಾಕಬೇಕು. ತೋಳು ಇದೆ — ಸೈನ್. ತೋಳು ಇದೆ — ಸೈನ್. ದಿನಕ್ಕೆ ಎಂಟು.

ಇವತ್ತಿನ ಎಂಟನ್ನೂ ತಂದು ನನ್ನ ಮುಂದಿಟ್ಟ. ಡ್ರಾಯಿಂಗ್ ಟೀಚರ್ ಸೈನಿನ ಪಕ್ಕ ಒಂದು ಹೂವು ಬಿಡಿಸಿದ್ದಾರೆ.

"ಎಲ್ರೂ ನೋಡ್ತಾರೆ ನಾನು ಸೈನ್ ಹಾಕ್ಸೋವಾಗ" ಎಂದ. ಅಷ್ಟೇ.

ಕೈ ಸುಟ್ಟ ಮೇಲೆ ಮೊದಲ ದಿನ ಸ್ಕೂಲಿಗೆ ಹೋದಾಗಲೂ ಹೀಗೆ ಅಂದಿರಲಿಲ್ಲ.

ನಾಳೆ ಹೇಳಬೇಕು. ಇವತ್ತೇ ಯಾಕೆ ಬೇಡ? ಇವತ್ತು ಅವನಿಗೆ ಗಣಿತದ ಟೆಸ್ಟಿಗೆ ಓದುವುದಿತ್ತು. ಇದೂ ನೆಪವೇ. ಬರೆದಿಡುತ್ತೇನೆ, ಇರಲಿ.


ಜೂನ್ 19, ಗುರುವಾರ

ಹೇಳಲಿಲ್ಲ.

ಸ್ಯಾಂಪಲ್ ರೂಮಿನಲ್ಲಿ, ಊಟದ ಹೊತ್ತಿಗೆ, ಏಪ್ರಿಲ್‌ನ ಪ್ಯಾಟರ್ನ್ ತೆಗೆದು ಮೇಜಿನ ಮೇಲೆ ಹರಡಿದ್ದೆ. ಕಟಿಂಗ್ ಮಾಸ್ಟರ್ ಕೈ ಒರೆಸುತ್ತಾ ಬಂದರು. ನನಗೆ ಕತ್ತರಿ ಹಿಡಿಯುವುದನ್ನು ಕಲಿಸಿದವರು. ಪಕ್ಕದಲ್ಲಿದ್ದ ಅಳತೆ ಚೀಟಿ ನೋಡಿ, ಬೆರಳಿನಿಂದ ಗೆರೆಯ ಮೇಲೆ ಒಂದು ಸಲ ಸವರಿದರು, ಟೇಪ್ ಬೇಕಾಗಲಿಲ್ಲ.

"ಇದು ಹುಡುಗನ ತೋಳಲ್ವಾ? ಇದರಲ್ಲಿ ಅರ್ಧ ಇಂಚು ಲೂಸ್ ಬಿದ್ದಿದೆಯಲ್ಲಮ್ಮ."

"ಹ್ಞೂಂ ಮಾಸ್ಟ್ರೇ."

"ಬಿಡು. ಇಷ್ಟು ವರ್ಷದ ಅಭ್ಯಾಸ. ಕೈ ತಾನಾಗೇ ಇಟ್ಬಿಟ್ಟಿದೆ."

ಎಷ್ಟು ಒಳ್ಳೆಯ ಮಾತು! ಹೊಲಿದು ಇಸ್ತ್ರಿ ಮಾಡಿ ಕೈಗೆ ಕೊಟ್ಟ ಹಾಗೆ. ಮಗನಿಗೆ, ಥೆರಪಿಸ್ಟಿಗೆ, ಎಲ್ಲರಿಗೂ ಇದೊಂದೇ ಸಾಕು: ಅಭ್ಯಾಸ ಬಲ, ಗಮನಿಸಲಿಲ್ಲ, ಸಾರಿ. ಬಸ್ಸಿನಲ್ಲಿ ಮನೆವರೆಗೂ ಅದನ್ನೇ ಹೇಳಿ ನೋಡಿಕೊಂಡೆ. ಎಲ್ಲೂ ಬಿಗಿಯಿಲ್ಲ, ಎಲ್ಲೂ ಕಚ್ಚುವುದಿಲ್ಲ.

ಅದಕ್ಕೇ ಬೇಡ ಅನ್ನಿಸಿತು. ಕೈ ತಾನಾಗಿ ಇಡಲಿಲ್ಲ. ನಾನು ಇಟ್ಟೆ.


ಜೂನ್ 20, ಶುಕ್ರವಾರ. ರಾತ್ರಿ 10

ಹೇಳಿದೆ.

ಸ್ಕೂಲಿನಿಂದ ಬಂದು ಹಾಲು ಕುಡಿದ. ಹೊಲಿಗೆ ಮೆಷಿನ್ನಿನ ಮೇಜಿನ ಮೇಲೆ ಎರಡು ತೋಳು ಇಟ್ಟೆ, ಏಪ್ರಿಲ್‌ನದು ಮತ್ತು ಮೊನ್ನೆಯ ಜೋಡಿಯಲ್ಲಿ ಅವನು ಹಾಕಿಕೊಂಡಿರದ ಇನ್ನೊಂದು. ಏಪ್ರಿಲ್‌ನ ಅಳತೆ ಚೀಟಿಯನ್ನೂ ಇಟ್ಟೆ. ಟೇಪ್ ಕೊಟ್ಟೆ.

"ಮೊಣಕೈ ಹತ್ರ ಅಳೆ. ಚೀಟಿಯಲ್ಲಿ ಹದಿನೇಳು ಅಂತಿದೆ."

ನಾಲಿಗೆ ಹೊರಗೆ ಚಾಚಿಕೊಂಡು ಅಳೆದ. "ಹೊಸದು ಹದಿನೇಳು. ಹಳೇದು... ಹದಿನೆಂಟು, ಮತ್ತೆ ಸ್ವಲ್ಪ." ತಿರುಗಿಸಿ ಮತ್ತೊಮ್ಮೆ ಅಳೆದ. "ಅಮ್ಮ, ಇದು ತಪ್ಪಾಗಿದೆ."

"ತಪ್ಪಾಗಿದ್ದಲ್ಲ. ನಾನೇ ದೊಡ್ಡದು ಮಾಡ್ದೆ. ನೀನು ಬಿಚ್ಚಿಲ್ಲ ಅಂತ ನಂಗೆ ಗೊತ್ತಿದ್ದಿದ್ದು ಹಾಗೆ."

ತೋಳು ನೋಡಿದ. ನನ್ನ ನೋಡಿದ.

"ಯಾಕೆ?"

"ಕಚ್ಚತ್ತೆ ಅಂತ ನೀನು ಅಳ್ತಿದ್ದೆ."

"ನಾನು ಯಾವಾಗ್ಲೂ ಅಳ್ತೀನಲ್ಲ!" ನಿಜವಾಗಿ ಸಿಟ್ಟು ಬಂದಿತ್ತು. "ನಾನು ಅಳೋದು ಅಳ್ತೀನಿ. ನೀನು ಸರಿಯಾಗಿ ಹೊಲೀಬೇಕು ತಾನೆ?"

ಹತ್ತೊಂಬತ್ತು ವರ್ಷದಲ್ಲಿ ಯಾವ ಬಯ್ಯರ್ ಕೂಡ ಇಷ್ಟು ಸರಿಯಾದ ಕಂಪ್ಲೇಂಟ್ ಕೊಟ್ಟಿಲ್ಲ.

"ತಪ್ಪಾಯ್ತು" ಎಂದೆ. "ಅವತ್ತೇ ಹೇಳ್ಬೇಕಿತ್ತು. ಅವರು ನಿನ್ನ ಕೇಳುವಾಗ ಸುಮ್ನೆ ಕೂತಿದ್ದು ಇನ್ನೂ ದೊಡ್ಡ ತಪ್ಪು."

ಟೇಪನ್ನು ಬೆರಳಿಗೆ ಸುತ್ತಿದ, ಬಿಚ್ಚಿದ.

"ಟೀಚರಿಗೆ ನೀನೇ ಹೇಳ್ಬೇಕು."

"ಹೇಳ್ತೀನಿ."

"ಅಜ್ಜಿಗೆ. ಅಪ್ಪಂಗೆ. ಥೆರಪಿ ಆಂಟಿಗೆ."

"ಎಲ್ರಿಗೂ."

"ಅಕ್ಕಂಗೆ ಮಾತ್ರ ನಾನೇ ಹೇಳ್ತೀನಿ." ಓಡಿದ. ಅರ್ಧ ನಿಮಿಷಕ್ಕೆ ಒಳಗಿನಿಂದ ಮಗಳ ಕೂಗು: "ಏನು, ಅಮ್ಮ ಚೀಟಿಂಗಾ?!" ದನಿಯಲ್ಲಿ ಇದ್ದದ್ದು ಸಿಟ್ಟೋ ಸಂಭ್ರಮವೋ.

ಊಟದ ತನಕ ನನ್ನ ಜೊತೆ ಟೂ ಬಿಟ್ಟಿದ್ದ. ಮಲಗುವ ಮುಂಚೆ ಬಂದು "ನಾಳೆಯಿಂದ ನಾನೇ ಅಳೀತೀನಿ" ಎಂದು ಹೇಳಿ, ನನ್ನ ಉತ್ತರಕ್ಕೆ ಕಾಯದೆ, ಟೇಪ್ ತೆಗೆದುಕೊಂಡು ಹೋದ. ಕಂಪನಿಯ ಟೇಪ್ ಅದು.


ಜೂನ್ 21, ಶನಿವಾರ

ಅತ್ತೆಗೆ ಹೇಳಿದೆ. ಅವರೆಂದದ್ದು: "ನನ್ನ ಲೈನ್ ಸರಿಯಾಗೇ ಇತ್ತು. ರಾಂಗ್ ನಂಬರಿಗೆ ಹಚ್ಚಿದ್ದೆ." ಮೊಮ್ಮಗನನ್ನು ಕರೆದು ಕೆನ್ನೆ ಹಿಂಡಿದರು. ಅವನು ಒಂದು ಚಾಕೊಲೇಟ್ ವಸೂಲಿ ಮಾಡಿಯೇ ಎದ್ದ. ಅತ್ತೆ ನನ್ನ ಜೊತೆ ಸಂಜೆವರೆಗೆ ಅಳೆದು ತೂಗಿ ಮಾತಾಡಿದರು. ಸಂಜೆ ಕಾಫಿ ಲೋಟ ತಂದು ಕೈಗಿಟ್ಟು "ನಾನಾಗಿದ್ರೆ ಒಂದು ಇಂಚು ಬಿಡ್ತಿದ್ದೆ" ಎಂದು ಹೋದರು.

ಇವರಿಗೆ ಬಾಲ್ಕನಿಯಲ್ಲಿ ಹೇಳಿದೆ. ಟೂಲ್ ಬ್ಯಾಗ್ ಬಿಡಿಸಿ ಸ್ಪ್ಯಾನರ್‌ಗಳನ್ನು ಒರೆಸುತ್ತಿದ್ದರು. ಒರೆಸುವುದು ನಿಲ್ಲಲಿಲ್ಲ.

"ಏಪ್ರಿಲ್‌ನಿಂದ ಒಬ್ಳೇ ಇಟ್ಕೊಂಡಿದ್ಯಾ?"

"ಹ್ಞೂಂ."

"ನನ್ನ ಹತ್ರ ಹೇಳ್ಬಹುದಿತ್ತು. ಇಂಥದ್ದು ಹೊತ್ಕೊಂಡು ಓಡಾಡೋದ್ರಲ್ಲಿ ನಾನು ನಿಂಗಿಂತ ಸೀನಿಯರ್."

ಆ ನೀರಿನ ವಿಷಯವನ್ನು ಅವರು ಬಾಯಿಬಿಟ್ಟು ಆಡಿದ್ದು ಇದೇ ಮೊದಲು, ಅದೂ ಹೀಗೆ, ಸುತ್ತುಬಳಸಿ. ನಾನು ಪಕ್ಕದಲ್ಲಿ ಕೂತು ಉಳಿದ ಸ್ಪ್ಯಾನರ್‌ಗಳನ್ನು ಒರೆಸಿದೆ. ತಪ್ಪು ಖಾನೆಯಲ್ಲಿ ಇಟ್ಟೆನಂತೆ. ಎಲ್ಲ ತೆಗೆದು ಮತ್ತೆ ಜೋಡಿಸಿದರು.

ಥೆರಪಿಸ್ಟಿಗೆ ಫೋನ್. ಬರೆದಿಟ್ಟುಕೊಂಡು ಓದಿದ ಹಾಗೆ ಹೇಳಿದೆ. ಅವರು ತಡೆದು ಕೇಳಿದರು, ಎಷ್ಟು, ಯಾವ ಜಾಗ, ಎಷ್ಟು ವಾರ.

"ಅದೊಂದರಿಂದಲೇ ಹೀಗಾಯ್ತು ಅಂತ ನಾನು ಹೇಳಕ್ಕಾಗಲ್ಲ ಮೇಡಂ. ಅವನು ಬೆಳೀತಿದಾನೆ, ಅದೂ ಎಳೆಯತ್ತೆ. ಆದ್ರೆ ಸಹಾಯವಂತೂ ಆಗಿಲ್ಲ."

ಪೂರ್ತಿ ನಿಮ್ಮದೇ ತಪ್ಪು ಎನ್ನಲಿ ಎಂದು ಕಾದಿದ್ದೆನೇ? ಇರಬೇಕು. ಪೂರ್ತಿ ತಪ್ಪಿಗೆ ಒಂದು ಅಂಚು ಇರುತ್ತದೆ, ಹಿಡಿದುಕೊಳ್ಳಬಹುದು.

"ಆದ್ರೆ ಅವತ್ತೇ ಹೇಳ್ಬೇಕಿತ್ತು ನೀವು. ನಾನು ಮಗೂ ಮೇಲೆ ಅನುಮಾನ ಪಟ್ಟೆ. ಕೊಡಿ ಅವನಿಗೆ."

ಸ್ಪೀಕರ್ ಹಾಕಿದೆ. "ಸಾರಿ ಪುಟ್ಟಾ. ನೀನು ನಿಜ ಹೇಳಿದ್ದೆ. ನಾನು ನಂಬಬೇಕಿತ್ತು."

"ಪರವಾಗಿಲ್ಲ ಆಂಟಿ" ಎಂದ ನನ್ನ ಮಗ. "ಅಮ್ಮ ಈ ಕೆಲಸಕ್ಕೆ ಹೊಸಬ್ಳು."


ಜೂನ್ 23, ಸೋಮವಾರ

ಸ್ಕೂಲಿಗೆ ಹೋಗಿ ಕ್ಲಾಸ್ ಟೀಚರಿಗೆ ಹೇಳಿ ಬಂದೆ. ಸೈನ್ ಹಾಳೆ ರದ್ದು. ಇವನು ಅದನ್ನು ಎಸೆಯಲು ಬಿಡಲಿಲ್ಲ. ಹೂವು ಇರುವ ತುಂಡನ್ನು ಕತ್ತರಿಸಿಟ್ಟುಕೊಂಡ.


ಜುಲೈ 13, ಭಾನುವಾರ

ಇನ್ನೊಂದು ಜೋಡಿ ತೋಳು. ಈಗ ನಮ್ಮ ಮನೆಯಲ್ಲಿ ಕ್ವಾಲಿಟಿ ಚೆಕಿಂಗ್ ಇದೆ. ಚೆಕ್ಕರ್ ಸಾಹೇಬರು ಸ್ಟೂಲಿನ ಮೇಲೆ ನಿಂತು, ಬಲಗೈ ಚಾಚಿ, ಎಡಗೈಯಲ್ಲಿ ಟೇಪಿನ ತುದಿ ಹಿಡಿದು ಐದು ಕಡೆ ಅಳೆಸುತ್ತಾರೆ. ಅಕ್ಕ ಬರೆದುಕೊಳ್ಳುತ್ತಾಳೆ. ಮಧ್ಯಾಹ್ನ ಮೊದಲ ತೋಳನ್ನು ರಿಜೆಕ್ಟ್ ಮಾಡಿದ — ಹೊಲಿಗೆಯ ಅಂಚು ಒಳಗೆ ಬಂದಿದೆಯಂತೆ. ಹೌದು, ಬಂದಿತ್ತು. ಇದರಲ್ಲಿ ಅಂಚು ಹೊರಗಿರಬೇಕು, ಇಲ್ಲದಿದ್ದರೆ ಕಲೆಗೆ ಉಜ್ಜುತ್ತದೆ. ಶರ್ಟಿನ ಅಭ್ಯಾಸ. ಇದು ಮಾತ್ರ ನಿಜವಾಗಿ ಅಭ್ಯಾಸ.

"ಮಾಸ್ಟ್ರಿಗೆ ಹೇಳ್ಲಾ?" ಎಂದ.

ಎರಡನೆಯದನ್ನು ಏರಿಸುವಾಗ ಮೊಣಕೈ ಹತ್ತಿರ ಕಣ್ಣಲ್ಲಿ ನೀರು ಬಂತು. ನನ್ನ ಕೈ ನಿಂತಿತು. ಹೇಳದೆಯೇ ನಿಲ್ಲುತ್ತದೆ ಅದು.

"ನಿಲ್ಲಿಸ್ಬೇಡ" ಎಂದ, ಅಳುತ್ತಲೇ. "ಎಳಿ."

ಎಳೆದೆ.

ಐದು ನಿಮಿಷಕ್ಕೆ ಅಕ್ಕನ ಜೊತೆ ಟೀವಿ ರಿಮೋಟಿಗೆ ಜಗಳ. ಆ ಕೈಯಲ್ಲೇ.


ಜುಲೈ 24, ಗುರುವಾರ

ಚೀಲ ತೊಳೆಯಲೆಂದು ಬೋರಲು ಹಾಕಿದರೆ ಹನ್ನೊಂದು ರಬ್ಬರ್ ಬಿದ್ದವು. ಸ್ಟ್ರಾಬೆರಿ ಆಕಾರದ್ದು, ಬಸ್ಸಿನ ಆಕಾರದ್ದು, ಅರ್ಧ ಕಚ್ಚಿದ್ದು. ಕದ್ದನೇನೋ ಎಂದುಕೊಂಡೆ.

ಮಗಳು ಗುಟ್ಟು ಒಡೆದಳು. "ಅವನು ಕೈ ಬಾಡಿಗೆಗೆ ಕೊಡ್ತಿದಾನೆ ಅಮ್ಮ."

ಮಣಿಕಟ್ಟಿನ ಹತ್ತಿರ ತೋಳು ಮುಗಿದ ಮೇಲೆ ಎರಡು ಬೆರಳಗಲ ಕಲೆ ಕಾಣುತ್ತದೆ. ಅದನ್ನು ಮುಟ್ಟಿ ನೋಡಬೇಕಾದರೆ ಒಂದು ರಬ್ಬರ್. ಎರಡು ಸಲ ಮುಟ್ಟಿದರೆ ಎರಡು.

ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕರು. ನನಗೆ ನಗು ಬರಲಿಲ್ಲ ಮೊದಲು. ಮಗು ತನ್ನ ಗಾಯವನ್ನು ಪ್ರದರ್ಶನಕ್ಕಿಡುವುದೇ? ಕೂರಿಸಿಕೊಂಡು ಕೇಳಿದೆ. ಬೇಜಾರಾಗಲ್ವಾ ಎಂದೆ.

"ಇಲ್ಲ. ಮೊದ್ಲು ಎಲ್ರೂ ದೂರದಿಂದ ನೋಡ್ತಿದ್ರು. ಅದು ಬೇಜಾರು. ಈಗ ಎಲ್ರೂ ಮುಟ್ಟಿ ಆಯ್ತು. ಯಾರೂ ಕೇಳ್ತಾನೇ ಇಲ್ಲ." ರಬ್ಬರ್‌ಗಳನ್ನು ಸಾಲಾಗಿ ಜೋಡಿಸುತ್ತಾ, "ವ್ಯಾಪಾರ ಬಿದ್ದೋಯ್ತು."

ರಬ್ಬರ್ ವಾಪಸ್ ಕೊಡಬೇಕು ಎಂದೆ. ಯಾವುದು ಯಾರದ್ದೆಂದು ಮರೆತಿದೆಯಂತೆ. ಸ್ಟ್ರಾಬೆರಿಯದ್ದು ಮಾತ್ರ ಗೊತ್ತು, ಆದರೆ ಆ ಹುಡುಗಿ ಮತ್ತೆ ತೆಗೆದುಕೊಳ್ಳುವುದಿಲ್ಲವಂತೆ. ಯಾಕೆ ಎಂದು ಅಕ್ಕ ಕೇಳಿದ್ದಕ್ಕೆ ಕಿವಿ ಕೆಂಪಾಯಿತು.


ಆಗಸ್ಟ್ 14, ಗುರುವಾರ. ಮಧ್ಯಾಹ್ನ, ಆಸ್ಪತ್ರೆಯ ಕ್ಯಾಂಟೀನ್

ಇವರು ರಜೆ ಹಾಕಿ ಬಂದಿದ್ದಾರೆ. ಅತ್ತೆಯೂ. ಮಗಳು ಬರುತ್ತೇನೆಂದು ಹಟ ಹಿಡಿದಳು. ಥೆರಪಿಯ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ.

ಸ್ಕೇಲ್ ಇಟ್ಟರು.

"ಹನ್ನೆರಡು."

"ಹನ್ನೆರಡು ಅಂದ್ರೆ ಯಾವ ಫ್ಲೋರು?" ಅತ್ತೆ.

"ಎರಡಕ್ಕೂ ಮೂರಕ್ಕೂ ಮಧ್ಯೆ ನಿಂತಿದೆ" ಎಂದರು ಇವರು. "ಬಾಗಿಲು ತೆಗೀಬೇಡ ಮಗನೆ. ಹಾಗೇ ಇಳಿಯತ್ತೆ."

ಸರ್ಜನ್ ಒತ್ತಿ ನೋಡಿ, ಮಡಚಿಸಿ, ಚಾಚಿಸಿ, ಸದ್ಯಕ್ಕೆ ಆಪರೇಷನ್ ಬೇಡ ಎಂದರು. ಆರು ತಿಂಗಳಿಗೆ ಮತ್ತೆ ನೋಡೋಣ. ಬೆಳೆಯುವ ಮಗು, ಮುಂದೆ ಬೇಕಾಗಲೂಬಹುದು. ಈಗ ಬೇಡ.

ಈಗ ಬೇಡ. ನನಗೆ ಅಷ್ಟು ಸಾಕು.

ಹೊರಡುವಾಗ ಥೆರಪಿಸ್ಟ್ ತಡೆದರು. ಬೇರೆ ಊರಿನ ಒಬ್ಬ ತಾಯಿ, ಮಗಳಿಗೆ ಐದು ವರ್ಷ, ಎಡಗೈ. ಆಕೆ ಮನೆಯಲ್ಲೇ ಬ್ಲೌಸು ಫ್ರಾಕು ಹೊಲಿಯುವವರು. ಮಗಳ ತೋಳನ್ನು ತಾನೇ ಹೊಲಿಯಬಹುದೇ ಎಂದು ಕೇಳಿದ್ದಾರೆ.

"ಪ್ಯಾಟರ್ನ್ ಮಾಡೋದು ಹೇಗೆ ಅಂತ ನೀವು ಬರೆದು ಕಳಿಸ್ತೀರಾ ಮೇಡಂ? ಕಾಗದದ ಪ್ಯಾಟರ್ನೂ ಇಡಿ. ಪೋಸ್ಟಲ್ಲೇ ಹಾಕಿ. ಫೋಟೋ ತೆಗೆದ್ರೆ ಅಳತೆ ಹೆಚ್ಚುಕಮ್ಮಿ ಆಗತ್ತೆ."

ನನ್ನನ್ನೇ ಯಾಕೆ ಕೇಳಿದರು? ಎಲ್ಲ ಗೊತ್ತಿದ್ದೂ?

ಅತ್ತೆ ಎಲ್ಲರಿಗೂ ಕೇಕ್ ತರಿಸುತ್ತಿದ್ದಾರೆ. ಚೆಕ್ಕರ್ ಸಾಹೇಬರಿಗೆ ಎರಡು.


ಆಗಸ್ಟ್ 16, ಶನಿವಾರ. ಸಂಜೆ

ಬೆಳಿಗ್ಗೆ ಕಾಗದ ಬರೆದೆ. ಎರಡು ಪುಟ. ಅಳತೆ ಎಲ್ಲೆಲ್ಲಿ, ಎಷ್ಟು ಕಳೆಯಬೇಕು, ಯಾವ ಸೂಜಿ, ಅಂಚು ಹೊರಗೆ. ಬಯ್ಯರಿಗೆ ಕಳಿಸುವ ಸ್ಪೆಕ್ ಶೀಟು, ಅಳತೆ ಪಟ್ಟಿಯ ಹಾಗೆ ನೀಟಾಗಿತ್ತು. ಏಪ್ರಿಲ್ ಅದರಲ್ಲಿ ಇರಲಿಲ್ಲ.

ಓದಿಕೊಂಡೆ. ಇದನ್ನು ಬರೆದವಳ ಕೈ ಒಂದು ಸಲವೂ ನಡುಗಿಲ್ಲ. ಆಕೆ ಇದನ್ನು ಮುಂದಿಟ್ಟುಕೊಂಡು ಹೊಲಿಯುತ್ತಾಳೆ, ಹಾಕಿಸುತ್ತಾಳೆ, ಮಗು ಅಳುತ್ತದೆ — ಜೋರಾಗಿ ಅಲ್ಲ. ಆಗ ಆಕೆಗೆ ಅನ್ನಿಸುತ್ತದೆ: ಆ ಹೆಂಗಸಿಗೆ ಆಯಿತು, ನನಗೆ ಆಗುತ್ತಿಲ್ಲ, ಸ್ವಲ್ಪವೇ ಸ್ವಲ್ಪ ಬಿಟ್ಟರೆ ಯಾರಿಗೆ ಗೊತ್ತಾಗುತ್ತದೆ...

ಏಪ್ರಿಲ್ ಬರೆಯಲೇಬೇಕು. ಆದರೆ ಸುಟ್ಟ ಕೈ ನನ್ನದಲ್ಲ. ಅವನನ್ನು ಕೇಳಿದೆ.

"ಏಪ್ರಿಲ್‌ದು ಬರೀಲಾ ಇದರಲ್ಲಿ?"

ಯೋಚಿಸಿದ. "ಬರಿ. ಆದ್ರೆ ನಾನು ಅತ್ತಿದ್ದು ಬರೀಬೇಡ."

"ಅದಿಲ್ದಿದ್ರೆ ಅವರಿಗೆ ಅರ್ಥ ಆಗಲ್ವಲ್ಲೋ."

"ಸರಿ. ಸ್ವಲ್ಪ ಅತ್ತ ಅಂತ ಬರಿ."

ಮೊದಲಿನಿಂದ ಬರೆದೆ. ಸೂಜಿ, ಅಂಚು ಎಲ್ಲ ಎರಡನೇ ಪುಟಕ್ಕೆ ಹೋಯಿತು. ಮೊದಲ ಪುಟದಲ್ಲಿ ಅರ್ಧ ಇಂಚು, ಏಳು ವಾರ, ಹತ್ತು ಡಿಗ್ರಿ, ಎಂಟು ಸೈನ್. ಮಗು ಅತ್ತಾಗ ಕೈ ನಿಂತೇ ನಿಲ್ಲುತ್ತದೆ, ಆಗ ತೋಳು ಬಿಚ್ಚುವ ಮುಂಚೆ ನನಗೆ ಫೋನ್ ಮಾಡಿ ಎಂದು ಬರೆದು ನಂಬರ್ ಕೊಟ್ಟೆ. ಥೆರಪಿಸ್ಟ್ ಯಾಕೆ ನನ್ನನ್ನೇ ಕೇಳಿದರು ಎಂದು ಆ ನಂಬರ್ ಬರೆಯುವಾಗ ಹೊಳೆಯಿತು.

ಓದಿ ಹೇಳಿದೆ. ಚೆಕ್ಕರ್ ಪಾಸ್ ಮಾಡಿದ. ಕೊನೆಯಲ್ಲಿ ಆ ಹುಡುಗಿಗೆ ತಾನೂ ಬರೆಯಬೇಕೆಂದು ಪೆನ್ ಕಿತ್ತುಕೊಂಡ. ಬಲಗೈಯಲ್ಲೇ, ಮೊಣಕೈಯನ್ನು ಮೇಜಿನುದ್ದಕ್ಕೂ ಚಾಚಿ:

"ಮೊದ್ಲು ಕಚ್ಚತ್ತೆ. ಆಮೇಲೆ ಮರ್ತೋಗತ್ತೆ. ನೀನು ಅಳು, ಪರವಾಗಿಲ್ಲ. ನಿಮ್ಮಮ್ಮಂಗೆ ನಿಲ್ಲಿಸ್ಬೇಡ ಅಂತ ಹೇಳು."

ಪ್ಯಾಟರ್ನ್ ಮಡಚಿ ಒಳಗಿಟ್ಟೆ. ವಿಳಾಸ ಬರೆದೆ. ಕವರ್ ಅಂಟಿಸಿದ್ದೇನೆ, ಇನ್ನು ತೆಗೆಯಲಾಗುವುದಿಲ್ಲ. ನಾಳೆ ಭಾನುವಾರ. ಸೋಮವಾರ, ಆಗಸ್ಟ್ 18, ಕಂಪನಿಗೆ ಹೋಗುವ ದಾರಿಯಲ್ಲಿ ಪೋಸ್ಟ್ ಡಬ್ಬಿಗೆ ಹಾಕುತ್ತೇನೆ.